ಹಾಗಲಬಳ್ಳಿ ಲಾರಿಯ ದಿಗ್ವಿಜಯ

"ಈ ಲಾರಿ ಇವತ್ತು ಸಂಜೆಯೊಳಗೆ ಮೆಕಾಂಗ್ ನದಿ ದಂಡೆ ಮುಟ್ಟದಿದ್ರೆ ನನ್ನ ಹೆಸರು ಖಮ್‌ಪಾನ್ ಅಲ್ಲ!" ಎಂದು ಹುಣಸೆಮರದ ಕೆಳಗೆ ನಿಂತು ಘರ್ಜಿಸಿದೆ.

"ಹೊಸ ಹೆಸರು ಯೋಚ್ನೆ ಮಾಡಿಟ್ಕೊಳ್ಳಿ," ಎಂದಳು ಹೆಂಡತಿ ಬುಪ್ಫಾ, ಬಾನೆಟ್ಟಿನ ಮೇಲಿನ ಹಾಗಲಕಾಯಿ ಕೀಳುತ್ತ.

ಹೌದು, ಬಾನೆಟ್ಟಿನ ಮೇಲೆಯೇ! ಮಕ್ಕಳು ಅಂಬೆಗಾಲಿಡುವಾಗ ಮಲಗಿದ ಲಾರಿ ಮತ್ತೆ ಎದ್ದಿರಲಿಲ್ಲ. ಹಾಗಲಬಳ್ಳಿ ಮೈತುಂಬ ಹಬ್ಬಿ, ಬೆಳಗಿನ ಮಂಜಿನಲ್ಲಿ ಹಸಿರು ಆನೆಯ ಹಾಗೆ ಕಾಣುತ್ತಿತ್ತು. ಊಟವಾದ ಮೇಲೆ ನಾನು ಅದರ ಸ್ಟೀರಿಂಗ್ ಹಿಡಿದು ಕಣ್ಮುಚ್ಚಿದರೆ ಸಾಕು, ದಾರಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು! ತೇಗದ ಮರಗಳು, ಭತ್ತದ ಗದ್ದೆ, ಕೊನೆಗೆ ಕೆಂಪಗೆ ಹರಿಯುವ ನದಿ, ಪಕ್ಕದಲ್ಲಿ ಬುಪ್ಫಾ. ನದಿಯಲ್ಲಿ ಸೂರ್ಯ ಮುಳುಗುವುದನ್ನು ತೋರಿಸುತ್ತೇನೆಂದು ಮದುವೆಯ ಹೊಸದರಲ್ಲಿ ಅವಳಿಗೆ ಮಾತು ಕೊಟ್ಟಿದ್ದೆ. ಆ ಆಸೆ ಎದೆಯಲ್ಲೇ ಉಳಿದಿತ್ತು.

ಬಳ್ಳಿ ಸರಿಸಿದೆ. ಸೀಟಿನಲ್ಲಿ ಕಾವಿಗೆ ಕೂತಿದ್ದ ಕೋಳಿಯನ್ನು ಸಕಲ ಮರ್ಯಾದೆಗಳೊಂದಿಗೆ ಎಬ್ಬಿಸಿದೆ. ಬ್ಯಾಟರಿ, ಡೀಸೆಲ್, ಎಣ್ಣೆ, ಟೈರು ಎಲ್ಲ ಹೊಸದು! ನಮ್ಮಲ್ಲಿ ಪ್ರತಿ ಗಾಡಿಯಲ್ಲೂ ಯಾನಾಂಗ್ ತಾಯಿ ನೆಲೆಸಿರುತ್ತಾಳೆ. ಅವಳಿಗೆಂದು ಕನ್ನಡಿಗೆ ಹೂವಿನ ಹಾರ ಹಾಕಿ, ಕೆಂಪು ಶರಬತ್ತು ಇಟ್ಟು, ಕೀಲಿ ತಿರುಗಿಸಿದೆ.

ಕ್ಲಿಕ್ ಅಂತಲೂ ಅನ್ನಲಿಲ್ಲ. ಮಧ್ಯಾಹ್ನವಿಡೀ ತಿರುಗಿಸಿದೆ!

"ತಾಯಿ ಮುನಿಸ್ಕೊಂಡಿದಾಳೆ ಕಣೇ!"

"ಮುನಿಸಲ್ಲ ರೀ, ಹರಕೆ."

"ಯಾರ ಹರಕೆ?"

"ನಂದೇ. ಈ ಲಾರಿ ಕದಲ್ಬಾರ್ದು, ಇವರು ಊರೂರು ಅಲೀದೆ ಮನೇಲಿರ್ಲಿ ಅಂತ ಬೇಡ್ಕೊಂಡಿದ್ದೆ. ಹುಣ್ಣಿಮೆ ಹುಣ್ಣಿಮೆಗೂ ಶರಬತ್ತು ಇಡ್ತಿದ್ದೆನಲ್ಲ?"

"ಅಯ್ಯೋ! ಲಾರಿ ಓಡ್ಲಿ ಅಂತ ಇಡ್ತಿದೀಯ ಅಂದ್ಕೊಂಡಿದ್ನಲ್ಲೇ!"

"ನೀವು ಕೇಳ್ಲೇ ಇಲ್ವಲ್ಲ."

ಮನೆಯಲ್ಲೇ ವಿರೋಧ ಪಕ್ಷ! ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷ ನನ್ನನ್ನು ಹಿಡಿದಿಟ್ಟದ್ದು ತುಕ್ಕಲ್ಲ, ಇವಳು ಎಂದು ತಿಳಿದು ಒಳಗೊಳಗೇ ಖುಷಿಯಾಯಿತು.

ಬುಪ್ಫಾ ಹತ್ತಿ ಕೂತು ಕೈಮುಗಿದಳು. "ತಾಯಿ, ಹರಕೆ ತೀರ್ತು. ಇನ್ನು ಓಡ್ಲಿ. ಆದ್ರೆ ಇವರೊಬ್ರನ್ನೇ ಎಲ್ಲೂ ಬಿಡ್ಬೇಡಮ್ಮ."

ಕೀಲಿ ತಿರುಗಿಸಿದೆ. ಗುಡುಗುಡುಗುಡು! ಕಣ್ಣಲ್ಲಿ ನೀರೇ ಬಂತು. ಬಳ್ಳಿ ಪಟಪಟನೆ ಕಿತ್ತು, ಹಾಗಲಕಾಯಿ ಉದುರಿಸುತ್ತ ನನ್ನ ಐರಾವತ ಇಳಿಜಾರಿನಲ್ಲಿ ಹೊರಟಿತು.

"ಬ್ರೇಕ್ ಹಾಕೋ ಖಮ್‌ಪಾನ್!" ಇಳಿಜಾರಿನ ಕೆಳಗಿನ ತಾವರೆಕೆರೆಯಲ್ಲಿ ಬಲೆ ಬೀಸುತ್ತಿದ್ದ ಪಕ್ಕದ ಮನೆಯ ಚಾಲೋಂಗ್ ಅಣ್ಣ ಕೂಗಿ, ಬಲೆ ಬಿಟ್ಟು ಓಡಿದ.

ಬ್ರೇಕ್! ತುಳಿದೆ, ಪಾದ ನೆಲ ಮುಟ್ಟಿತು. ನನ್ನ ಕನಸಿನಲ್ಲಿ ಲಾರಿ ಒಮ್ಮೆಯೂ ನಿಂತದ್ದಿಲ್ಲ, ಹಾಗಾಗಿ ಬ್ರೇಕಿನ ನೆನಪೇ ಆಗಿರಲಿಲ್ಲ!

ಬಳ್! ಕೆರೆಯ ನಡುವೆ ತಾವರೆಗಳನ್ನು ಸರಿಸಿಕೊಂಡು ಲಾರಿ ಮೆಲ್ಲಗೆ ನಿಂತಿತು. ಸುತ್ತ ನೀರು. ನೀರಿನ ತುಂಬ ಕೆಂಪು. ಎದುರಿಗೆ ಸೂರ್ಯ ನಿಧಾನವಾಗಿ ಮುಳುಗುತ್ತಿದ್ದ. ಬುಪ್ಫಾ ನನ್ನ ಭುಜಕ್ಕೆ ತಲೆಯಿಟ್ಟಳು. ಜನ್ಮ ಸಾರ್ಥಕ ಅನ್ನಿಸಿತು.

"ನದಿ ಸ್ವಲ್ಪ ಚಿಕ್ಕದಾಯ್ತು," ಎಂದಳು ಕೊನೆಗೆ. "ಹೊತ್ತಾಯ್ತು, ನಡೀರಿ. ನಾನು ನೀರಿಗಿಳಿಯಲ್ಲ."

ಸೊಂಟದುದ್ದ ನೀರಿಗೆ ಧುಮುಕಿ, ಅವಳನ್ನು ಬೆನ್ನಿಗೇರಿಸಿಕೊಂಡೆ. ದಂಡೆಯ ಮೇಲೆ ಊರಿಗೆ ಊರೇ ಸೇರಿತ್ತು! ವೀರಾಧಿವೀರನಂತೆ ಎದೆಯುಬ್ಬಿಸಿ ಹೆಜ್ಜೆ ಎತ್ತಿದೆ. ಬುಪ್ಫಾ ನನ್ನ ನೆತ್ತಿ ತಟ್ಟಿ ಎಲ್ಲರಿಗೂ ಕೇಳುವಂತೆ ಕೇಳಿದಳು:

"ರೀ, ನಿಮಗಾದ್ರೂ ಬ್ರೇಕ್ ಇದೆ ತಾನೆ?"