ಪಾಂಪೆರೋನ ಸೊಕ್ಕು

ವಾಲ್ದೆಮಾರ್ ಎಚೆನಿಕೆಯ ತಾಪತ್ರಯಕ್ಕೆಲ್ಲ ಸೊಕ್ಕೇ ಕಾರಣ. ಅವನದಲ್ಲ, ಪಾಪ. ಬೂಟಿನಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಕಾಲಬುಡದಲ್ಲಿ ಕೂರುವವನಿಗೆ ಎಲ್ಲಿಯ ಸೊಕ್ಕು? ಅದು ಬೇಕಾಗಿದ್ದದ್ದು ಅವನ ಪಾಂಪೆರೋಗೆ.

ಪಾಂಪೆರೋ ಎಂದರೆ ಅವನೇ ಬರೆದ, ಚೆಸ್ ಆಡುವ ಪ್ರೋಗ್ರಾಮು. ನಮ್ಮ ಪಾಯ್ಸಾಂಡೂ ಊರಿನ ಚೆಸ್ ಕ್ಲಬ್ಬಿನ ಮೂಲೆಯ ಕಂಪ್ಯೂಟರಿನಲ್ಲೇ ಹುಟ್ಟಿ ಬೆಳೆದದ್ದು. ಹೋದ ವರ್ಷ ರಾಜಧಾನಿ ಮೊಂತೆವಿದೇಯೋದಲ್ಲಿ ಇಂಥ ಪ್ರೋಗ್ರಾಮುಗಳ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಕೊನೆಗೆ ಬಂತು. ಗೆಲ್ಲುವ ಆಟದಲ್ಲೂ ಎದುರಾಳಿ ಒಂಚೂರು ಗದರಿದರೆ ಡ್ರಾ ಮಾಡಿಕೊಂಡು ಕೈಮುಗಿಯುವ ಸ್ವಭಾವ ಅದರದು. ಈ ವರ್ಷ ಕೊನೆಗೆ ಬರಬಾರದು, ಅಷ್ಟೇ ವಾಲ್ದೆಮಾರನ ಆಸೆ. ಅಂದು ಸಂಜೆ ಆರರೊಳಗೆ ಅದನ್ನು ಪಂದ್ಯಾವಳಿಗೆ ಕಳಿಸಬೇಕು. ಒಮ್ಮೆ ಕಳಿಸಿದರೆ ಬದಲಾಯಿಸುವಂತಿಲ್ಲ.

ಡ್ರಾ ಎಂದರೆ ಎಷ್ಟು ತಾತ್ಸಾರ ಇರಬೇಕೆಂದು ಹೇಳುವ ಅಂಕಿಯೊಂದು ಪಾಂಪೆರೋದೊಳಗಿತ್ತು. ಕ್ಲಬ್ಬಿನವರು ಅದನ್ನು ಸೊಕ್ಕು ಎಂದೇ ಕರೆಯುತ್ತಿದ್ದರು. ಹೋದ ವರ್ಷ ಹತ್ತು ಇದ್ದದ್ದನ್ನು ಅವನು ಬೆಳಿಗ್ಗೆ ಹೊಸ ಪ್ರತಿಯೊಂದರಲ್ಲಿ ನಲವತ್ತಕ್ಕೆ ಏರಿಸಿದ. ಹಳೆಯದಕ್ಕೂ ಹೊಸದಕ್ಕೂ ಸಂಜೆಯವರೆಗೆ ಮಿಂಚಿನ ವೇಗದ ಆಟಗಳನ್ನು ಆಡಿಸುವುದು, ಗೆದ್ದದ್ದನ್ನು ಕಳಿಸುವುದು ಎಂದು ಲೆಕ್ಕ.

ಕ್ಲಬ್ಬಿನ ಕ್ಯಾಂಟೀನು ನೋಡಿಕೊಳ್ಳುವ ಇರ್ಮಾ ಪೊರಕೆ ಹಿಡಿದುಕೊಂಡೇ ಇಣುಕಿದಳು.

"ಏನೋ ಇದು ನಲವತ್ತು?"

"ಸೊಕ್ಕು, ಇರ್ಮಕ್ಕ."

"ಅಯ್ಯಯ್ಯೋ, ಅಷ್ಟೊಂದಾ! ನಿನ್ನಂಥ ಬಡಪಾಯಿ ಮನೇಲಿ ಹುಟ್ಟಿದ್ದಕ್ಕೆ ಅಷ್ಟು ಒಳ್ಳೇದಲ್ಲ ಕಣೋ."

ಅಷ್ಟರಲ್ಲಿ ಹೊರಗಿನಿಂದ ಕಟುಕ ನೆಲ್ಸನ್ ಕೂಗಿದ. "ವಾಲ್ದೆ! ವ್ಯಾನ್ ನಿಂತೋಗಿದೆ, ಒಂದ್ ಕೈ ಹಾಕು ಬಾರೋ!" ವಾಲ್ದೆಮಾರನಿಗೆ ಇಲ್ಲ ಎನ್ನಲು ಬರುತ್ತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಬೀದಿ ಕೊನೆಯವರೆಗೂ ವ್ಯಾನ್ ತಳ್ಳಿ, ಬೆವರು ಒರೆಸಿಕೊಂಡು ಬಂದು ಆಟ ಶುರುಮಾಡಿದ.

ಮಧ್ಯಾಹ್ನದ ಹೊತ್ತಿಗೆ ಹೊಸದು ಮುಂದಿತ್ತು. ಸುದ್ದಿ ಹಬ್ಬಿ ಕ್ಲಬ್ಬು ತುಂಬಿತು. ಯೆರ್ಬಾ ಸೊಪ್ಪಿನ ಕಷಾಯ ತುಂಬಿದ ಸೋರೆಬುರುಡೆ ಕೈಯಿಂದ ಕೈಗೆ ಹೋಗತೊಡಗಿತು. ನೂಕುನುಗ್ಗಲಲ್ಲಿ ಯಾರದೋ ಕಾಲು ತಾಗಿ ಪ್ಲಗ್ಗು ಸಡಿಲವಾಯಿತು. ವಾಲ್ದೆಮಾರ್ ಊಟ ಬಿಟ್ಟು, ಮೇಜಿನಡಿ ನುಸುಳಿ, ಅದನ್ನು ಕೈಯಲ್ಲೇ ಒತ್ತಿಹಿಡಿದು ಕೂತ. ಮೇಲಿನ ಆಟ ಅವನಿಗೆ ಕೇಳಿಸುತ್ತಿತ್ತೇ ಹೊರತು ಕಾಣುತ್ತಿರಲಿಲ್ಲ.

"ಹೊಸದರ ಗತ್ತು ನೋಡ್ರೋ! ಕುದುರೆ ಬಿಟ್ಟುಕೊಟ್ಟ ಠೀವಿ ನೋಡಿ!" ಇದು ನೆಲ್ಸನ್.

"ಅದು ಠೀವಿಯಲ್ಲ, ದುರಹಂಕಾರ," ಎಂದರು ಕ್ಲಬ್ಬಿನ ಅಧ್ಯಕ್ಷ, ನಿವೃತ್ತ ಔಷಧಿ ವ್ಯಾಪಾರಿ ದೋನ್ ಉಲೀಸೆಸ್. "ಹಳೇದು ಸೋತರೂ ಮರ್ಯಾದೆಯಿಂದ ಸೋಲುತ್ತೆ. ಎಂಥ ಸಂಭಾವಿತ ಆಟ!"

"ಸಂಭಾವಿತನಂತೆ! ಪುಕ್ಕಲ ಅನ್ನಿ."

"ಯಾರಿಗೋ ಪುಕ್ಕಲ ಅಂತೀಯಾ?"

"ಹಳೇದಕ್ಕೆ. ನಿಮಗೆ ಯಾಕೆ ಉರಿ?"

"ನಾಳೆ ನಿಮ್ಮನೆ ಬಾಡೂಟಕ್ಕೆ ನಾನು ಬರಲ್ಲ, ಹೋಗು!"

"ಬರಬೇಡಿ! ನಿಮ್ಮ ಪಾಲಿನ ಪಕ್ಕೆಲುಬು ನಾಯಿಗೆ ಹಾಕ್ತೀನಿ!"

"ಜಗಳ ಆಮೇಲಾಡ್ರಪ್ಪ, ನನ್ನ ಬೆರಳು ತುಳೀತಿದೀರಿ!" ಎಂದು ಮೇಜಿನಡಿಯಿಂದ ವಾಲ್ದೆಮಾರ್ ಅಂಗಲಾಚಿದ. ಬೆರಳು ಊದಿದ್ದರೂ ಅವನಿಗೆ ಒಳಗೊಳಗೇ ಹಿಗ್ಗು. ಇಷ್ಟು ವರ್ಷಗಳಲ್ಲಿ ತನ್ನ ಪಾಂಪೆರೋಗಾಗಿ ಇಬ್ಬರು ಹೊಡೆದಾಡುವ ಮಟ್ಟಕ್ಕೆ ಬಂದದ್ದು ಇದೇ ಮೊದಲು.

ಆರಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಹೊಸದು ಆರಾಮಾಗಿ ಮುಂದಿತ್ತು. ಉಲೀಸೆಸ್ ಕೂಡ ಟೋಪಿ ತೆಗೆದು ಸೋಲೊಪ್ಪಿಕೊಂಡರು. ವಾಲ್ದೆಮಾರ್ ಹೊರಗೆ ತೆವಳಿ ಬಂದು, ಹೊಸ ಪಾಂಪೆರೋವನ್ನು ಮೊಂತೆವಿದೇಯೋಗೆ ಕಳಿಸಿದ. 'ತಲುಪಿತು, ಅಭಿನಂದನೆ' ಎಂದು ಉತ್ತರ ಬಂತು. ನೆಲ್ಸನ್ ಅವನನ್ನು ಕುರಿ ಎತ್ತುವಂತೆ ಎತ್ತಿ ಹೆಗಲಿಗೇರಿಸಿಕೊಂಡ.

ಬಿಸಿಬಿಸಿ ಕರಿದ ರೊಟ್ಟಿಯ ತಟ್ಟೆ ಹಿಡಿದು ಇರ್ಮಾ ಬಂದಳು. ಅವಳ ಮುಖದಲ್ಲಿ ಮಗನ ಮದುವೆಯ ಕಳೆ.

"ಈಗ ಹೇಳ್ತೀನಿ. ಗೆದ್ದಿದ್ದರಲ್ಲಿ ನಂದೂ ಒಂದು ಪಾಲಿದೆ! ಬೆಳಿಗ್ಗೆ ನೀನು ವ್ಯಾನ್ ತಳ್ಳಕ್ಕೆ ಹೋದ್ಯಲ್ಲ, ಆಗ ಆ ನಲವತ್ತನ್ನ ಅಳಿಸಿ ಹತ್ತು ಮಾಡಿದೆ. ನೋಡು, ತಗ್ಗಿ ನಡೆದದ್ದಕ್ಕೆ ಹೇಗೆ ಗೆಲ್ತು!"

ಹೆಗಲ ಮೇಲಿದ್ದ ವಾಲ್ದೆಮಾರ್ ತಾನಾಗಿಯೇ ಕೆಳಗೆ ಜಾರಿದ. ಓಡಿಹೋಗಿ ನೋಡಿದರೆ ಹೌದು, ಹತ್ತು. ಬೆಳಗಿನಿಂದ ಹಳೆಯದು ಹಳೆಯದರ ಜತೆಗೇ ಆಡಿತ್ತು. ಗೆದ್ದದ್ದು ಬರೀ ಅದೃಷ್ಟ. ಮೊಂತೆವಿದೇಯೋಗೆ ಹೋದದ್ದು ಹೋದ ವರ್ಷ ಕೊನೆಗೆ ಬಂದ ಅದೇ ಪಾಂಪೆರೋ. ಅವನಿಗೆ ಅಳು ಬಂತು.

"ಅಂದ್ರೆ ಎರಡೂ ಒಂದೇನಾ?" ಉಲೀಸೆಸ್ ತೊದಲಿದರು.

"ಛೆ, ಬಿಡಿ! ಹೊಸದರ ಗತ್ತನ್ನ ನಾನೇ ಕಣ್ಣಾರೆ ಕಂಡಿದೀನಿ," ಎಂದ ನೆಲ್ಸನ್.

"ನಾನು ಹಳೇದರ ಸಂಭಾವಿತತನ ಕಂಡಿಲ್ವಾ?" ಎಂದು ಉಲೀಸೆಸ್ ಮತ್ತೆ ತೋಳೇರಿಸಿದರು.

ಇರ್ಮಾ ಒಂದು ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಇನ್ನೊಂದರಿಂದ ಕಣ್ಣೊರೆಸಿಕೊಂಡಳು. ಅವಳ ಮುಖ ನೋಡಿ ವಾಲ್ದೆಮಾರನ ಸಿಟ್ಟು ಅರ್ಧಕ್ಕೇ ನಿಂತಿತು. ಒಂದು ರೊಟ್ಟಿ ತೆಗೆದುಕೊಂಡು ಅಗಿದ. ಅಗಿಯುತ್ತ ಅಗಿಯುತ್ತ ಅವನ ಕಣ್ಣು ಅರಳಿತು.

"ಇರ್ಮಕ್ಕ, ಅಳಬೇಡ. ಹಾಗೆ ನೋಡಿದ್ರೆ ನಮ್ಮ ನಲವತ್ತು ಇವತ್ತಿನವರೆಗೂ ಒಂದಾಟಾನೂ ಸೋತಿಲ್ಲ!"