ಗುಣವಾದವರಿಗೆ ಹದಿನಾಲ್ಕು ಪ್ರಶ್ನೆ

ಕೋವಿಡ್ ಬಂದಾಗ ಯಾರೂ ನಗಲಿಲ್ಲ. ಆದರೆ ಗುಣವಾಗಿ ಎದ್ದು ಬಂದವರ ಎದುರಿಗೆ ನಗು ತಡೆದುಕೊಳ್ಳುವುದು ನನಗೆ ಇವತ್ತಿಗೂ ಕಷ್ಟ. ದಾಂಡೇಲಿಯ ಸಂತೆಯಲ್ಲಿ ಈಗಲೂ ಯಾರಾದರೂ ಎದುರಾಗಿ, ನಮಸ್ಕಾರಕ್ಕೂ ಮೊದಲು, "ಸರ್, ಒಂದರಿಂದ ಹದಿನಾಲ್ಕು, ಎಲ್ಲಾ ಇಲ್ಲರಿ" ಎನ್ನುತ್ತಾರೆ. ಅವರ ಜೊತೆಗಿದ್ದವರು ಗಾಬರಿಯಾಗುತ್ತಾರೆ. ತಪ್ಪು ನನ್ನದು.

ನಾನಾಗ ಕಾಗದದ ಕಾರ್ಖಾನೆಯೊಂದರಲ್ಲಿ ಸುರಕ್ಷಾ ಅಧಿಕಾರಿ. ಗುಣವಾದವರಿಗೆ ಡಾಕ್ಟರು ಚೀಟಿ ಕೊಡುತ್ತಿದ್ದರು. ಆ ಚೀಟಿ ನನಗೆ ಸಾಲಲಿಲ್ಲ. ರೋಗ ಹೋದದ್ದು ನಿಜ, ಹೋಗುವಾಗ ಏನನ್ನಾದರೂ ಬಿಟ್ಟು ಹೋಗಿದೆಯೋ ಎಂದು ನೋಡುವವರು ಯಾರು? ಹದಿನಾಲ್ಕು ಪ್ರಶ್ನೆಗಳ ಒಂದು ನಮೂನೆ ತಯಾರಿಸಿದೆ. ಮೊದಲು ಇಂಗ್ಲಿಷಿನಲ್ಲಿ ಬರೆದು, ಆಮೇಲೆ ನಾನೇ ಕನ್ನಡಕ್ಕೆ ತಂದೆ. ಹದಿನಾಲ್ಕಕ್ಕೂ ಉತ್ತರ ಸರಿ ಬಂದರೆ ನನ್ನ ಸಹಿ, ಸಹಿಯಾದರೆ ಕೆಲಸ.

ಎಲ್ಲರಿಗೂ ಇದು ಒಂದು ದಿನದ ಕಿರಿಕಿರಿ. ಕ್ಯಾಂಟೀನಿನ ಅಡುಗೆಯವನಿಗೆ ಮಾತ್ರ ಹಾಗಿರಲಿಲ್ಲ. ಹಳಿಯಾಳದ ಕಡೆಯ ಹಳ್ಳಿಯವನು, ಹದಿನೆಂಟು ವರ್ಷ ನಮಗೆ ಉಣ್ಣಲು ಹಾಕಿದವನು. ಜ್ವರ ಹೋಯಿತು, ಕೆಮ್ಮು ಹೋಯಿತು, ತೂಕವೂ ಮೊದಲಿನಷ್ಟಾಯಿತು. ಹನ್ನೊಂದನೆಯ ಪ್ರಶ್ನೆ ಮಾತ್ರ ಉಳಿಯಿತು: ಮೂಗಿಗೆ ವಾಸನೆ ತಿಳಿಯುವುದು ನಿಂತಿದೆಯೇ? ನಿಂತಿತ್ತು. ಒಗ್ಗರಣೆ ಹೊತ್ತಿದ್ದು, ಗ್ಯಾಸ್ ಸೋರಿದ್ದು ಗೊತ್ತಾಗದವನನ್ನು ಒಲೆಯ ಮುಂದೆ ನಿಲ್ಲಿಸುವುದಿಲ್ಲ ಎಂದೆ. ಕ್ಯಾಂಟೀನನ್ನು ತಾತ್ಕಾಲಿಕವಾಗಿ ಹೊರಗಿನ ಗುತ್ತಿಗೆದಾರನಿಗೆ ಕೊಟ್ಟರು. ಎರಡು ತಿಂಗಳೊಳಗೆ ಮೂಗು ಬರದಿದ್ದರೆ ಗುತ್ತಿಗೆ ಕಾಯಂ, ಇವನು ಮನೆಗೆ. ಅಂದಿನಿಂದ ಪ್ರತಿ ಶನಿವಾರ ಅವನು ನಮೂನೆ ಹಿಡಿದು ನನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಹೀಗಾಗಿ ಮುಂದಿನದಕ್ಕೆಲ್ಲ ಅವನು ಸಾಕ್ಷಿ.

೧. ಒಂಬತ್ತನೆಯ ಪ್ರಶ್ನೆ

ಮುಂಡಗೋಡ ತಾಲೂಕಿನ ಇಂದೂರಿನವನೊಬ್ಬ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಎಂಟು ಪ್ರಶ್ನೆಗೆ ಪಟಪಟನೆ ಉತ್ತರ ಕೊಟ್ಟ. ಒಂಬತ್ತನೆಯದಕ್ಕೆ ನಿಂತ.

"ನೆನಪಿನ ಶಕ್ತಿ ಕಡಿಮೆಯಾಗಿದೆಯೇ?"

"ಅದು ನನಗ ಹೆಂಗ ಗೊತ್ತಾಗಬೇಕ್ರಿ? ಮರತಿದ್ರ, ಮರತದ್ದೂ ಮರತಿರ್ತೇನಲ್ರಿ."

ಮಾತು ಸರಿಯಾಗಿತ್ತು. ಪ್ರಶ್ನೆ ತಯಾರಿಸುವಾಗ ನನಗೆ ಹೊಳೆದಿರಲಿಲ್ಲ. "ಹಾಗಾದರೆ ಯಾರಿಗೆ ಗೊತ್ತು?" ಎಂದೆ.

"ನಮ್ಮ ಮನಿಯಾಕಿಗಿ" ಎಂದು ಅಲ್ಲಿಯೇ ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ನಾನು ಪ್ರಶ್ನೆಯನ್ನು ಅಕ್ಷರಶಃ ಓದಿದೆ.

"ಕಮ್ಮಿ ಆಗಿಲ್ಲರಿ ಸಾಹೇಬ್ರ" ಎಂದಿತು ಆ ಕಡೆಯ ದನಿ. "ಹೆಚ್ಚಾಗೇತಿ. ನಮ್ಮಣ್ಣನ ಮದಿವ್ಯಾಗ ಇವರಿಗಿ ಎರಡನೇ ಪಂಕ್ತಿಗೆ ಕೂಡಸಿದ್ರಂತ. ಹನ್ನೆರಡ ವರ್ಷದ ಹಿಂದಿನ ಮಾತರಿ. ಜ್ವರ ಬಿಟ್ಟ ದಿವಸದಿಂದ ಅದನ್ನ ಹಿಡಕೊಂಡ ಕುಂತಾರ. ನಿಮ್ಮ ಡಾಕ್ಟರಿಗಿ ಹೇಳಿ, ನೆನಪ ಕಮ್ಮಿ ಆಗೂ ಗುಳಿಗಿ ಇದ್ರ ಬರಸಿ ಕೊಡ್ರಿ."

ನಾನು 'ಕಡಿಮೆಯಾಗಿಲ್ಲ' ಎಂದು ಬರೆದೆ. ಅವನು ಫೋನಿಗೆ ಬಾಗಿ ಮೆಲ್ಲಗೆ ಹೇಳಿದ: "ಎರಡನೇದು ಅಲ್ಲ, ಮೂರನೇ ಪಂಕ್ತಿ."

೨. ಮೆಟ್ಟಿಲು

ನಾಲ್ಕನೆಯ ಪ್ರಶ್ನೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ ಎಂಬುದು. 'ಇಲ್ಲ' ಎಂದು ಬಾಯಲ್ಲಿ ಹೇಳಿದರೆ ನಾನು ಒಪ್ಪುವವನಲ್ಲ. ನಮ್ಮ ಆಫೀಸಿಗೆ ಇಪ್ಪತ್ತೆರಡು ಮೆಟ್ಟಿಲುಗಳಿವೆ. ಮೂರು ಸಲ ಹತ್ತಿ ಇಳಿಯಬೇಕು, ನಾನು ಪಕ್ಕದಲ್ಲಿದ್ದು ನೋಡಬೇಕು.

ಉಗ್ರಾಣದಲ್ಲಿ ಜೋಯಿಡಾ ಕಡೆಯವನೊಬ್ಬನಿದ್ದ. ಮನೆಯ ಮಾತು ಕೊಂಕಣಿ. ಕನ್ನಡವನ್ನು ಎಣಿಸಿ ಎಣಿಸಿ ಆಡುತ್ತಿದ್ದ. ಊರಿಗೆ ಹೋದಾಗ ಬಸ್ಸಿಳಿದು ಕಾಡಿನ ಏರಿನಲ್ಲಿ ಗಂಟೆಗಟ್ಟಲೆ ನಡೆದೇ ಮನೆ ಸೇರುವವನು. ನನ್ನ ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದ.

"ಇಷ್ಟೇ ಸರ್?"

"ಇಷ್ಟೇ. ಮಾತಾಡದೇ ಹತ್ತು."

ಹತ್ತಿದ, ಇಳಿದ, ಹತ್ತಿದ, ಇಳಿದ. ನಾನೂ ಗಡಿಯಾರ ಹಿಡಿದು ಪಕ್ಕದಲ್ಲಿ ಹತ್ತಿದೆ, ಇಳಿದೆ. ಮೂರನೆಯ ಸಲ ಮೇಲೆ ಮುಟ್ಟಿದಾಗ ಅವನು ಕಟಾಂಜನಕ್ಕೆ ಒರಗಿ ಹೊರಗಿನ ಗಿಡ ನೋಡುತ್ತಿದ್ದ. ನಾನು ಕಟಾಂಜನವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಅವನು ಓಡಿಹೋಗಿ ಬೆಂಚಿನ ಮೇಲಿದ್ದ ಅಡುಗೆಯವನ ಹತ್ತಿರ ನೀರಿನ ಬಾಟಲಿ ತಂದು ನನ್ನ ಕೈಗಿಟ್ಟ. ಬಹಳ ಮರ್ಯಾದೆಯಿಂದ ಕೇಳಿದ:

"ಸರ್, ನಿಮಗೆ ಕೋವಿಡ್ ಯಾವಾಗ ಬಂದಿತ್ತು?"

ನನಗೆ ಬಂದೇ ಇರಲಿಲ್ಲ.

೩. ಸಾಹೇಬರಿಗೆ ಏನೂ ಆಗಿಲ್ಲ

ಮುಂದಿನ ವಾರವೇ ಬಂತು. ಹಗುರಾಗಿಯೇ ಬಂತು. ನಾಲ್ಕು ದಿನ ಜ್ವರ, ಮೈಕೈ ನೋವು, ಮೂರು ದಿನ ಮೂಗು ಬಾಯಿ ಎರಡೂ ಸಪ್ಪೆ. ಆಮೇಲೆ ಎಲ್ಲವೂ ಒಂದೊಂದಾಗಿ ಮರಳಿದವು. ನಿಯಮ ನನಗೂ ಒಂದೇ. ಮನೆಯಲ್ಲಿ ಕುಳಿತು ನಮೂನೆ ತುಂಬಿದೆ. ಹನ್ನೆರಡನೆಯದು 'ಸ್ವಭಾವದಲ್ಲಿ ಬದಲಾವಣೆ'. ಇದನ್ನು ಮನೆಯವರೇ ತುಂಬಬೇಕೆಂದು ನಾನೇ ಸೂಚನೆ ಬರೆದಿದ್ದೆ. ಹೆಂಡತಿ ಪೆನ್ನು ತೆಗೆದುಕೊಂಡು, ನನ್ನನ್ನು ಒಮ್ಮೆ ನೋಡಿ, "ಇಲ್ಲ" ಎಂದು ಬರೆದು, ಮುಂದೆ "ದುರ್ದೈವ" ಎಂದು ಸೇರಿಸಿದಳು. ಹೊಡೆದುಹಾಕಿದರೆ ಕಾಗದ ಕೆಡುತ್ತದೆಂದು ಹಾಗೆಯೇ ಕೊಟ್ಟೆ.

ಕೆಲಸಕ್ಕೆ ಮರಳಿದ ದಿನ ಶನಿವಾರ. ನನ್ನ ಕೋಣೆಯ ಕಿಟಕಿ ತೆರೆದಿತ್ತು. ಹೊರಗೆ ಬೆಂಚಿನ ಮೇಲೆ ಅಡುಗೆಯವನು, ಎದುರಿಗೆ ಗೇಟಿನ ಕಾವಲುಗಾರ.

"ಸಾಹೇಬ್ರಿಗೆ ಹೆಂಗೈತಿ?" ಅಡುಗೆಯವನ ದನಿ.

"ಪೂರ್ತಿ ಆರಾಮ. ಏನೇನೂ ಉಳದಿಲ್ಲ."

"ವಾಸನಿ?"

"ಬರ್ತೈತಂತ."

"ಸುಸ್ತು?"

"ಇಲ್ಲ."

"ಹೋಗ್ಲಿ, ಸಿಟ್ಟರ ಒಂಚೂರು ಇಳದೈತೇನು?"

"ಎಲ್ಲೀದು! ಗೇಟಿನಾಗ ಕಾಲ ಇಟ್ಟ ಕೂಡ್ಲೆ ನನ್ನ ಟೋಪಿ ವಾರಿ ಐತಿ ಅಂದ್ರು."

ಅಡುಗೆಯವನು ಉಸಿರು ಬಿಟ್ಟು, "ಪಾಪ" ಎಂದ.

ಯಾರಿಗೆಂದು ನಾನು ವಿಚಾರಿಸಲಿಲ್ಲ.

೪. ಚಹಾದ ಡಬ್ಬಿ

ಎರಡು ತಿಂಗಳು ಮುಗಿಯಲು ಎಂಟು ದಿನ ಉಳಿದಿದ್ದವು. ಗುತ್ತಿಗೆದಾರ ಆಗಲೇ ತನ್ನ ಪಾತ್ರೆಗಳ ಮೇಲೆ ಹೆಸರು ಕೆತ್ತಿಸಿದ್ದ. ಅವನ ಸಾಂಬಾರದಲ್ಲಿ ಬೇಳೆ ಎಲ್ಲಿದೆ ಎಂದು ಹುಡುಕಲು ಒಂದು ಪ್ರತ್ಯೇಕ ನಮೂನೆ ಬೇಕಾಗಿತ್ತು. ಆದರೂ ನಿಯಮ ನಿಯಮವೇ.

ಆ ಶನಿವಾರ ಅಡುಗೆಯವನು ನಗುತ್ತಲೇ ಒಳಗೆ ಬಂದ. "ಬಂತ್ರಿ ಸರ್ ಮೂಗು. ಬೇಕಾದ್ದು ಕೇಳ್ರಿ."

ಕ್ಯಾಂಟೀನಿನಿಂದ ಐದು ಡಬ್ಬಿ ತರಿಸಿ, ಅವನ ಕಣ್ಣಿಗೆ ಟವೆಲ್ ಕಟ್ಟಿಸಿದೆ. ಮೊದಲನೆಯದರ ಮುಚ್ಚಳ ತೆಗೆದೆ.

"ಯಾಲಕ್ಕಿ."

ಎರಡನೆಯದು. "ಜೀರಗಿ." ಮೂರನೆಯದು. "ಇಂಗು." ಒಂದೂ ತಪ್ಪಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಚಪ್ಪಾಳೆ ತಟ್ಟಿದ. ನಾನು ಪೆನ್ನಿನ ಕ್ಯಾಪು ತೆಗೆದೆ. ತೆಗೆದವನು ನಿಂತೆ. ಅವನು ಉತ್ತರ ಹೇಳುತ್ತಿದ್ದದ್ದು ಮೂಸುವುದಕ್ಕಿಂತ ಅರೆಗಳಿಗೆ ಮೊದಲು.

ಸದ್ದಾಗದಂತೆ ಇಂಗನ್ನೆಲ್ಲ ಚಹಾದ ಡಬ್ಬಿಗೆ ಸುರಿದೆ. ಕೋಣೆಯ ತುಂಬ ಇಂಗು. ಕಾವಲುಗಾರ ಮಾಸ್ಕಿನ ಮೇಲೆ ಕೈ ಒತ್ತಿಕೊಂಡು ಹೊರಗೆ ಹೋದ. ಆ ಡಬ್ಬಿಯ ಮುಚ್ಚಳ ಹಾಕಿ, ಮತ್ತೆ ಟಣ್ಣನೆ ತೆಗೆದು ಅವನ ಮೂಗಿಗೆ ಹಿಡಿದೆ.

"ಚಹಾಪುಡಿ" ಎಂದ, ದೀರ್ಘವಾಗಿ ಉಸಿರೆಳೆದು. "ಈ ಸಲದ್ದು ಭಾಳ ಛಲೋ ಐತ್ರಿ."

ನಾನು ಪೆನ್ನಿಗೆ ಕ್ಯಾಪು ಹಾಕಿದೆ. ಅವನೇ ಟವೆಲ್ ಬಿಚ್ಚಿ ಡಬ್ಬಿಯೊಳಗೆ ನೋಡಿದ. ಮುಖ ಸಣ್ಣದಾಯಿತು.

"ಮುಚ್ಚಳದ ಸಪ್ಪಳದ ಮ್ಯಾಲೆ ಹೇಳಿದ್ನಿರಿ. ಹದಿನೆಂಟ ವರ್ಷ ಆತಲ್ರಿ, ಒಂದೊಂದ ಡಬ್ಬಿ ದನೀನೂ ಗೊತ್ತೈತಿ."

"ನಾನು ಕೇಳಿದ್ದು ಮೂಗು."

"ಕಿವಿಗೊಂದು ಕಲಂ ಮಾಡ್ರಿ ಸರ್" ಎಂದ. "ಫಸ್ಟ್ ಕ್ಲಾಸ್ ಪಾಸ್ ಆಗ್ತೇನಿ."

೫. ಕೊನೆಯ ಶನಿವಾರ

ಬೇರೆ ಊರುಗಳಲ್ಲಿ ಮಲ್ಲಿಗೆ, ಕಾಫಿ ಮೂಸಿ ಮೂಗು ಪರೀಕ್ಷಿಸಿಕೊಳ್ಳುತ್ತಿದ್ದರಂತೆ. ನಮಗೆ ಅದರ ಅಗತ್ಯವಿರಲಿಲ್ಲ. ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ಸಾಕು, ಕಾರ್ಖಾನೆಯಲ್ಲಿ ಕಟ್ಟಿಗೆ ಬೇಯುವ ವಾಸನೆ ಗಾಳಿಯ ಜೊತೆ ತಾನೇ ಮನೆಯೊಳಗೆ ಬರುತ್ತದೆ. ಹೆಚ್ಚು ಕುದಿಸಿದ ಕೋಸಿನ ಹಾಗೆ. ವರ್ಷಗಟ್ಟಲೆ ಇದ್ದವರಿಗೆ ಅದರ ನೆನಪೂ ಇರುವುದಿಲ್ಲ, ಬೀಗರು ಬಂದು ಮೂಗು ಮುಚ್ಚಿಕೊಂಡಾಗಲೇ ನಮಗೆ ನೆನಪಾಗುವುದು. ಆದರೆ ಕೋವಿಡ್ ಆದವರ ಮನೆಯಲ್ಲಿ ಆ ವಾಸನೆ ಮರಳಿದ ದಿನ "ಬಂತು, ಬಂತು" ಎಂದು ಕೂಗಿ ಬಾಯಿಗೆ ಸಕ್ಕರೆ ಹಾಕಿಕೊಳ್ಳುತ್ತಿದ್ದರು. ಇದು ನಮ್ಮೂರಿನ ಪರೀಕ್ಷೆ.

ಕೊನೆಯ ದಿನ ಅಡುಗೆಯವನು ಆಫೀಸಿಗೆ ಬರಲಿಲ್ಲ. ಹಳಿಯಾಳದ ಮೊದಲ ಬಸ್ಸು ಹಿಡಿದು ಕಾರ್ಖಾನೆಯವರ ಬಡಾವಣೆ ಬಂಗೂರನಗರದ ನನ್ನ ಕ್ವಾರ್ಟರ್ಸಿಗೇ ಬಂದ. "ಡಬ್ಬಿ ಬ್ಯಾಡ್ರಿ ಸರ್. ಊರ ಪರೀಕ್ಷಾ ತಗೊಳ್ರಿ. ಆದ್ರ ಆತು, ಇಲ್ಲಂದ್ರ ಹೊಲಕ್ಕ ಹೋಗ್ತೇನಿ."

ಅವನನ್ನು ಅಂಗಳದಲ್ಲಿ ನಿಲ್ಲಿಸಿದೆ. ಮಾಸ್ಕು ಇಳಿಸಿ, ಕಣ್ಣು ಮುಚ್ಚಿ ಉಸಿರೆಳೆದ. ಒಂದು ಸಲ, ಎರಡು ಸಲ, ಮೂರು ಸಲ.

"ಬರವಲ್ದ್ರಿ" ಎಂದ. 

ನನಗೂ ಸಂಕಟವಾಯಿತು. ಆದರೂ ಪೆನ್ನು ತೆಗೆದೆ. ಬರೆಯುವ ಮೊದಲು, ನ್ಯಾಯವಾಗಿರಲಿ ಎಂದು, ನಾನೂ ಒಮ್ಮೆ ಉಸಿರೆಳೆದು ನೋಡಿದೆ.

ಏನೂ ಇಲ್ಲ.

 ಮತ್ತೆ ಎಳೆದೆ. ಇಲ್ಲ! ಒಳಗಿದ್ದ ಹೆಂಡತಿಯನ್ನು ಕೂಗಿದೆ. ಅಡುಗೆಮನೆಯಿಂದ ಓಡಿ ಬಂದು ಸೆರಗು ಸರಿಸಿ ಮೂಸಿದಳು. "ಏನ್ರೀ, ನನಗೂ ಬರವಲ್ದಲ್ರೀ!" ಅವಳ ದನಿಗೆ ಎಡಗಡೆಯ ಮನೆಯವರು ಹೊರಬಂದರು. ಅವರಿಗೂ ಇಲ್ಲ. ಬಲಗಡೆಯವರಿಗೂ ಇಲ್ಲ. ಐದು ನಿಮಿಷದಲ್ಲಿ ಇಡೀ ಓಣಿ ಅಂಗಳದಲ್ಲಿ ನಿಂತು, ಮುಖ ಮೇಲೆತ್ತಿ ಗಾಳಿ ಮೂಸುತ್ತಿತ್ತು. ಎದುರು ಮನೆಯ ಹಿರಿಯರು ಆಕ್ಸಿಮೀಟರ್ ತಂದು ಸಿಕ್ಕವರ ಬೆರಳಿಗೆಲ್ಲ ಸಿಗಿಸತೊಡಗಿದರು. "ತೊಂಬತ್ತೆಂಟ ಐತಿ. ಆದ್ರೂ ನಂಬಬ್ಯಾಡ್ರಿ" ಎಂದು ಪ್ರತಿಯೊಬ್ಬರಿಗೂ ಹೇಳಿದರು. "ಮತ್ತ ಬಂತು ನೋಡ್ರಿ, ಇದು ಹೊಸಾದು" ಎಂದು ಯಾರೋ ಅಳುವ ದನಿ ತೆಗೆದರು. ಎಲ್ಲರೂ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆಂದು ಸುರಕ್ಷಾ ಅಧಿಕಾರಿಯಾಗಿ ನಾನು ಆಜ್ಞೆ ಮಾಡಿದೆ. ಯಾರೂ ಕೇಳಲಿಲ್ಲ. ಮೂಸುವುದರಲ್ಲೇ ಇದ್ದರು.

ಈ ಗದ್ದಲದಲ್ಲಿ ಅಡುಗೆಯವನು ಒಬ್ಬನೇ ನನ್ನ ಮನೆಯ ಕಡೆ ಮುಖ ತಿರುಗಿಸಿ ನಿಂತಿದ್ದ. ಹುಬ್ಬು ಗಂಟಿಕ್ಕಿತ್ತು.

"ಅಕ್ಕಾರ" ಎಂದ ನನ್ನ ಹೆಂಡತಿಗೆ. "ಹಾಲು ಹೊತ್ತಾಕತ್ತೇತಿ."

"ಏನು?"

"ಹಾಲ್ರೀ! ತಳ ಹಿಡದೈತಿ!"

ಹೆಂಡತಿ ಒಳಗೆ ಓಡಿದಳು, ನಾನು ಅವಳ ಹಿಂದೆ. ಅಡುಗೆಮನೆಯ ತುಂಬ ಹೊಗೆ. ಹಾಲಿನ ಬೋಗುಣಿ ಇದ್ದಲಿನಂತಾಗಿತ್ತು. ನನಗೆ ಒಳಗೆ ಹೋದ ಮೇಲೆ ಬಂದ ವಾಸನೆ ಅವನಿಗೆ ಅಂಗಳದಲ್ಲೇ ಬಂದಿತ್ತು. ಹೊರಗೆ ಬಂದಾಗ ಅವನು ತನ್ನ ಮೂಗನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ, ಹೊಸದಾಗಿ ಯಾರೋ ತಂದು ಹಚ್ಚಿದ್ದಾರೆ ಎಂಬ ಹಾಗೆ. ಕಣ್ಣಲ್ಲಿ ನೀರು. ಹೊಗೆಯದಲ್ಲ.

"ಬಂತ್ರಿ ಸರ್. ಖರೇ ಬಂತು. ಇದಕ್ಕ ಸಪ್ಪಳ ಇರಲಿಲ್ಲ."

ಸರಿ, ಇವನಿಗೆ ಬಂತು. ಹಾಗಾದರೆ ಇಡೀ ಓಣಿಗೆ ಕಾರ್ಖಾನೆಯ ವಾಸನೆ ಏಕೆ ಬರುತ್ತಿಲ್ಲ?

ಅಷ್ಟರಲ್ಲಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದ ಕಾವಲುಗಾರ ಸೈಕಲ್ ನಿಲ್ಲಿಸಿದ. ಮುಖ ಮೇಲೆತ್ತಿ ನಿಂತ ಓಣಿಯನ್ನು ನೋಡಿ, ತಾನೂ ಒಮ್ಮೆ ಮೇಲೆ ನೋಡಿದ. "ಏನ್ರಿ, ವಿಮಾನ ಬಂದೈತೇನ್ರಿ?"

ಸಂಗತಿ ಹೇಳಿದೆ.

"ವಾಸನಿ ಎಲ್ಲಿಂದ ಬರಬೇಕ್ರಿ ಸರ್? ಮುಂಜಾನಿ ಆರಕ್ಕ ಕಾರ್ಖಾನಿ ಬಂದ್ ಆಗೇತಲ್ರಿ. ವರ್ಷದ ರಿಪೇರಿ."

ಆಗ ಗಮನಿಸಿದೆವು. ಕಾರ್ಖಾನೆಯ ಸದ್ದೂ ಇರಲಿಲ್ಲ. ಎಲ್ಲರ ಜೀವ ಮೂಗಿನಲ್ಲಿದ್ದಾಗ ಕಿವಿಯ ಕಡೆ ನೋಡಿದವರು ಯಾರು?

"ನನಗೆ ಯಾಕೆ ತಿಳಿಸಲಿಲ್ಲ?" ಎಂದು ಗದರಿದೆ.

"ಸುತ್ತೋಲಿ ನೀವ ಸಹಿ ಮಾಡೀರಲ್ರಿ ಸರ್. ಎಡಕಿನ ಮಾರ್ಜಿನ್ ಕಮ್ಮಿ ಐತಿ ಅಂತ ಎರಡ ಸಲ ವಾಪಸ್ ಕಳಸಿದ್ರಿ. ಮೂರನೇ ಸಲಕ್ಕ ಮಾರ್ಜಿನ್ ಅಳದು, ಸರಿ ಐತಿ ಅಂತ ಸಹಿ ಹಾಕಿದ್ರಿ."

ಓಣಿಯಲ್ಲಿ ಯಾರೂ ನಗಲಿಲ್ಲ. ನಾನು ಅಲ್ಲಿದ್ದೆನಲ್ಲ. ಹಿರಿಯರು ನನ್ನ ಬೆರಳಿನಿಂದ ಆಕ್ಸಿಮೀಟರನ್ನು ಮೆಲ್ಲಗೆ ಕಳಚಿಕೊಂಡರು.

ಅಡುಗೆಯವನು ಮಾತ್ರ ಮಡಚಿದ ನಮೂನೆಯನ್ನು ಬಿಡಿಸಿ, ನನ್ನ ಅಂಗಳದ ಕಟ್ಟೆಯ ಮೇಲೆ ಅಂಗೈಯಿಂದ ಸವರಿ ಸವರಿ ಇಟ್ಟ.

"ಸರ್, ಇದರಾಗ ಎಡಕ್ಕೂ ಬಲಕ್ಕೂ ಮಾರ್ಜಿನ್ ಭರಪೂರ ಐತ್ರಿ" ಎಂದ. "ಹಂಗ ಸಹಿ ಮಾಡಿಬಿಡ್ರಿ, ರಿಪೇರಿ ಮಂದಿಗೆ ಹನ್ನೆರಡಕ್ಕ ಊಟ ಹಾಕ್ತೇನಿ."