ಬೆರಳುಗಳ ಕೂಡು ಕುಟುಂಬ

ಮರಿಸ್ವಾಮಿಯವರ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದ.

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಸವೆದ ಹೆಬ್ಬೆಟ್ಟು ಅದು. ಗೇಟಿನ ಹಾಜರಿ ಯಂತ್ರಕ್ಕೆ ಅದೆಲ್ಲ ಏನು ಗೊತ್ತು? ಡಿಸೆಂಬರಿನ ಚಳಿಯಲ್ಲಿ ರಾಮಕೃಷ್ಣನಗರದಿಂದ ಸೈಕಲ್ ತುಳಿದು ಬಂದ ಬೆರಳು ಫ್ರಿಜ್ಜಿನಲ್ಲಿ ಮರೆತ ಬೆಂಡೇಕಾಯಿಯ ಹಾಗೆ ಸೆಟೆದುಕೊಂಡಿತ್ತು. ಒತ್ತಿದರೆ ಯಂತ್ರದೊಳಗಿನ ಹೆಂಗಸು, "ಪ್ಲೀಸ್ ಟ್ರೈ ಅಗೇನ್" ಅನ್ನುತ್ತಾಳೆ. ಉಜ್ಜಿದರು, ಊದಿದರು, ಶರ್ಟಿನೊಳಗೆ ಕೈ ತೂರಿಸಿ ಹೊಟ್ಟೆಗೆ ಒತ್ತಿಕೊಂಡರು.

"ಮರಿಸ್ವಾಮಣ್ಣ, ಅದೇನು ಆಸ್ತಿ ಬರ್ಕೊಡ್ತಿದ್ದೀಯಾ? ಬೇಗ ಒತ್ತಣ್ಣ!" ಎಂದು ಹಿಂದಿನ ಸಾಲು ಕೂಗಿತು.

ಯಂತ್ರ ಒಪ್ಪಿದಾಗ ಆರು ಗಂಟೆ ದಾಟಿ ನಾಲ್ಕು ನಿಮಿಷ. ಗೇಟು ಕಾಯುವ ಮಹದೇವು ತಲೆ ಅಲ್ಲಾಡಿಸಿದ.

"ಈ ತಿಂಗ್ಳು ಇದು ಎರಡ್ನೇ ಲೇಟು ಸಾರ್. ನಾಳೆ ಮೂವತ್ತೊಂದು. ನಾಳೆನೂ ಲೇಟಾದ್ರೆ ಮೂರಾಯ್ತದೆ, ನಿಮ್ಮನ್ನ ಸೆಕೆಂಡ್ ಶಿಫ್ಟಿಗೆ ಎತ್ತಾಕ್ಬುಡ್ತಾರೆ. ಒಂದಿನ ದಾಟ್ಸ್ಬುಡಿ, ಆಮೇಲೆ ಹೊಸ ತಿಂಗ್ಳು."

"ಸೆಕೆಂಡ್ ಶಿಫ್ಟು ಅಂದ್ರೆ ಮಧ್ಯಾಹ್ನ ಎರಡಕ್ಕಾ?"

"ಊಂ. ಬೆಳಗ್ಗೆಲ್ಲ ಆರಾಮಾಗಿ ಮಲಗ್ಬೋದು ಬುಡಿ."

ಬೇರೆಯವರಾಗಿದ್ದರೆ ಹಿಗ್ಗುತ್ತಿದ್ದರು. ಮರಿಸ್ವಾಮಿಯವರಿಗೆ ಅದೇ ಬೇಡವಾಗಿತ್ತು. ಮನೆಯಲ್ಲಿ ಹೆಂಡತಿ ಯಶೋಧಾ ಮಾತಾಡುತ್ತಾರೆ, ಕಾರ್ಖಾನೆಯಲ್ಲಿ ಪ್ರೆಸ್ ಮಷೀನು ಮಾತಾಡುತ್ತದೆ. ನಡುವಿನ ಮುಕ್ಕಾಲು ಗಂಟೆ ಮಾತ್ರ ಅವರದು. ಐದು ಗಂಟೆಯ ಮಂಜಿನಲ್ಲಿ ಊರೇ ಇರುವುದಿಲ್ಲ. ಬೀದಿದೀಪಗಳು ಹಾಲಿನಲ್ಲಿ ತೇಲುವ ಬೆಲ್ಲದಚ್ಚಿನಂತೆ ಕಾಣುತ್ತವೆ. ಮರಗಳು ಒಂದೊಂದಾಗಿ ಎದುರಿಗೆ ಬಂದು, ಏನೂ ಕೇಳದೆ ಪಕ್ಕಕ್ಕೆ ಸರಿಯುತ್ತವೆ. ಸೈಕಲ್ಲು ದೋಣಿಯಾಗುತ್ತದೆ. ಆ ಹೊತ್ತಿನಲ್ಲಿ ಮರಿಸ್ವಾಮಿ ಯಾರ ಗಂಡನೂ ಅಲ್ಲ, ಯಾರ ಅಪ್ಪನೂ ಅಲ್ಲ, ಟೋಕನ್ ನಂಬರೂ ಅಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ, ಬಸ್ಸುಗಳ ಹಾರನ್ನಿನ ನಡುವೆ ಇದೆಲ್ಲಿ ಸಿಗಬೇಕು?

ಶಿಫ್ಟು ಮುಗಿದದ್ದೇ ನೇರ ಸರಸ್ವತಿಪುರಂನ ಅಂಗಡಿಗೆ ಹೋದರು. ಅಂಗಡಿಯ ಸುಷ್ಮಾ ಒಂದು ಜೊತೆ ಕೈಗವಸು ಮುಂದಿಟ್ಟಳು.

"ಇದು ಸೈಕ್ಲಿಂಗಿಗೇ ಮಾಡಿರೋದು ಅಂಕಲ್."

"ಬೆರಳೆಲ್ಲಮ್ಮ? ಅರ್ಧಕ್ಕೇ ಕತ್ತರ್ಸವ್ರಲ್ಲ?"

"ಅದು ಹಂಗೇ ಇರೋದು. ಗ್ರಿಪ್ ಸಿಗ್ಲಿ ಅಂತ."

"ನಂಗೆ ಚಳಿ ಆಗೋದೇ ಆ ಮಿಕ್ಕರ್ಧಕ್ಕೆ ಕಣಮ್ಮ!"

ಸುಷ್ಮಾ ಇನ್ನೊಂದು ಜೊತೆ ತೆಗೆದಳು. ಒಂದೊಂದೂ ದಿಂಬಿನಷ್ಟು ದಪ್ಪ. "ಮನಾಲಿಗೆ ಟ್ರಿಪ್ ಹೋಗೋರು ತಗೊಳ್ತಾರೆ ಅಂಕಲ್, ಮೈನಸ್ ಹತ್ತು ಡಿಗ್ರಿಗೂ ಜಗ್ಗಲ್ಲ."

ಜಗ್ಗಲಿಲ್ಲ, ನಿಜ. ಬ್ರೇಕೂ ಜಗ್ಗಲಿಲ್ಲ. ತಮ್ಮ ಬೀದಿಯ ಇಳಿಜಾರಿನಲ್ಲಿ ಮರಿಸ್ವಾಮಿ ಹಿಡಿದದ್ದು ಬ್ರೇಕೋ ಬೆಲ್ಲೋ ಅವರಿಗೇ ತಿಳಿಯದೆ, ಸೈಕಲ್ಲು ಪಕ್ಕದ ಮನೆಯ ವಿಜಯ್‌ಕುಮಾರರ ಗೇಟು ತಳ್ಳಿಕೊಂಡು ತುಳಸಿ ಕಟ್ಟೆಗೆ ಹೋಗಿ ನಿಂತಿತು. ವಿಜಯ್‌ಕುಮಾರ್ ಯಾವುದೋ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿದ್ದು ನಿವೃತ್ತರಾದವರು. ನಿವೃತ್ತರಾದ ಮೇಲೆ ಇಡೀ ಬೀದಿಗೇ ಕ್ವಾಲಿಟಿ ವಿಭಾಗವಾಗಿದ್ದರು.

ಕತೆಯನ್ನೆಲ್ಲ ಕೇಳಿ ಅವರು ಕನ್ನಡಕ ಮೇಲೇರಿಸಿದರು. "ಟೆಸ್ಟ್ ಮಾಡದೆ ಮಾಲು ತಗೋತಾರೇನ್ರೀ? ನಡೀರಿ ನಿಮ್ಮನೆಗೆ. ಗವಸು ಹಾಕಿ ಫ್ರೀಜರಿನಲ್ಲಿ ಹತ್ತು ನಿಮಿಷ ಕೈ ಇಡಿ. ತೆಗೆದು ನಿಮ್ಮ ಫೋನಿಗೆ ಹೆಬ್ಬೆಟ್ಟು ಒತ್ತಿ. ಫೋನ್ ತೆರೀತು ಅಂದ್ರೆ ಗೇಟಿನ ಮಷೀನೂ ತಗೊಳುತ್ತೆ."

ಇದಕ್ಕಿಂತ ಪೆದ್ದು ಉಪಾಯ ಇರಲಿಲ್ಲ. ಆದರೆ ಹೆದರಿದವನಿಗೆ ಯಾವ ಉಪಾಯವೂ ಪೆದ್ದಲ್ಲ ನೋಡಿ.

ಮೊದಲು ಯಶೋಧಾ ಪೆಟ್ಟಿಗೆಯಿಂದ ತೆಗೆದ ಹಳೇ ಉಲ್ಲನ್ ಗವಸು. ಹತ್ತು ನಿಮಿಷ. ಫೋನು ತೆರೆಯಲಿಲ್ಲ. ಆಮೇಲೆ ವಿಜಯ್‌ಕುಮಾರರ ಸಲಹೆಯಂತೆ ಅದರ ಮೇಲೊಂದು ಪ್ಲಾಸ್ಟಿಕ್ ಕವರು. ಕೈ ಬೆವತು ತೊಟ್ಟಿಕ್ಕಿತು. ಒದ್ದೆ ಹೆಬ್ಬೆಟ್ಟಿಗೂ ಫೋನು ತೆರೆಯಲಿಲ್ಲ. ಸ್ಟೂಲಿನ ಮೇಲೆ ಕೂತು, ಫ್ರೀಜರಿಗೆ ಕೈ ಕೊಟ್ಟ ಮರಿಸ್ವಾಮಿ ಬಳೆ ತೊಡಿಸಿಕೊಳ್ಳುವ ಮದುಮಗಳಂತೆ ಕಾಣುತ್ತಿದ್ದರು.

"ರೀ, ಬಾಗ್ಲು ಹಾಕ್ರೀ, ಐಸೆಲ್ಲ ಕರಗ್ತಾ ಐತೆ!" ಎಂದರು ಯಶೋಧಾ.

"ಬಾಗ್ಲು ಹಾಕ್ಬೇಕಂದ್ರೆ ಕೈ ಕಿತ್ತು ಒಳಗಿಟ್ಟು ಬರ್ಲಾ?"

ಅಷ್ಟರಲ್ಲಿ ಹಿಂದಿನ ಬೀದಿಯ ಟೈಲರ್ ಕೆಂಚಮ್ಮ, ಯಶೋಧಾ ಅವರ ರವಿಕೆ ಕೊಡಲು ಬಂದವರು ಬಾಗಿಲಲ್ಲೇ ನಿಂತು ನೋಡಿದರು.

"ಇದೇನಣ್ಣ, ಕೈ ಉಪ್ಪಿನಕಾಯಿ ಹಾಕ್ತಿದ್ದೀರಾ?"

ವಿಷಯ ತಿಳಿದ ಮೇಲೆ ಕೆಂಚಮ್ಮ ಗವಸನ್ನು ಕಿತ್ತುಕೊಂಡು ಒಳಹೊರಗೆ ತಿರುಗಿಸಿದರು. "ತಪ್ಪು ಇಲ್ಲೇ ಇರೋದು. ಬೆರಳು ಬೆರಳಿಗೂ ಬೇರೆ ಬೇರೆ ಮನೆ ಕಟ್ಟವ್ರೆ. ಒಂಟಿ ಇದ್ರೆ ಚಳಿ ಆಗ್ದೆ ಇನ್ನೇನು? ನಾಕೂ ಒಂದೇ ಮನೇಲಿರ್ಲಿ, ಕೂಡು ಕುಟುಂಬ. ಮೈಗೆ ಮೈ ತಾಗುದ್ರೆ ತಾನಾಗೇ ಬೆಚ್ಚಗಾಯ್ತವೆ."

"ಹೆಬ್ಬೆಟ್ಟು?" ವಿಜಯ್‌ಕುಮಾರ್ ಕೇಳಿದರು.

"ಅದು ಮನೆ ಅಳಿಯ. ಪಕ್ಕದಲ್ಲೇ ಒಂದು ರೂಮು."

ಮನೆಯಲ್ಲಿದ್ದ ಹಳೇ ಕಂಬಳಿ ಕತ್ತರಿಸಿ, ಒಳಗೆ ಮೆತ್ತನೆಯ ಪಂಚೆ ಬಟ್ಟೆ ಕೊಟ್ಟು, ಒಂದೂವರೆ ಗಂಟೆಯಲ್ಲಿ ಹೊಲಿದುಕೊಂಡು ಬಂದರು. ಮರಿಸ್ವಾಮಿ ಹೊರಗೆ ಹೋಗಿ ಬ್ರೇಕು ಹಿಡಿದು ನೋಡಿದರು, ಹಿಡಿಯಿತು. ಫ್ರೀಜರಿನಲ್ಲಿ ಹತ್ತಲ್ಲ, ಹದಿನೈದು ನಿಮಿಷ ಕೈ ಇಟ್ಟರು. ಮುಟ್ಟಿದ್ದೇ ತಡ, ಫೋನು ಫಕ್ಕನೆ ತೆರೆಯಿತು. ವಿಜಯ್‌ಕುಮಾರ್ ತಾವೇ ಹೊಲಿದವರಂತೆ ಎಲ್ಲರ ಕೈ ಕುಲುಕಿದರು.

ಮೂವತ್ತೊಂದರ ಬೆಳಿಗ್ಗೆ ಐದಕ್ಕೇ ಮರಿಸ್ವಾಮಿ ಹೊರಟರು. ಆವತ್ತಿನ ಮಂಜು ಹಿಂದೆಂದೂ ಕಾಣದಷ್ಟು ದಟ್ಟ. ಕೈ ಎರಡೂ ಅಜ್ಜಿಯ ಮಡಿಲಲ್ಲಿದ್ದಂತೆ ಬೆಚ್ಚಗಿದ್ದವು. ಆ ಬಿಸುಪು ಮೊಣಕೈಗೆ ಏರಿತು, ಹೆಗಲಿಗೆ ಏರಿತು, ಮೆಲ್ಲಗೆ ಕಣ್ಣಿನ ಹಿಂದಕ್ಕೂ ಹೋಗಿ ಕೂತಿತು. ರಸ್ತೆ ಹೊಳೆಯಾಯಿತು. ಚೈನಿನ ಕಿರಕಿರ ಹುಟ್ಟು ಹಾಕುವ ಸದ್ದಾಯಿತು. ಯಾರೋ ದೂರದಲ್ಲಿ ಕರೆದಂತಾಯಿತು; ಇರಲಿ ಎಂದುಕೊಂಡರು. ಎಷ್ಟೋ ವರ್ಷಗಳಿಂದ ಚಳಿಗೆ ಬೆರಳು ಕಡಿದು ಕಡಿದು ಗೇಟಿನ ಹತ್ತಿರ ಒಡೆಯುತ್ತಿದ್ದ ಕನಸು ಆವತ್ತು ಯಾರ ತಂಟೆಯೂ ಇಲ್ಲದೆ ಉದ್ದಕ್ಕೆ ಹರಿಯಿತು.

ಹರಿದು ಹರಿದು, ಮಂಜಿನೊಳಗಿಂದ ಕೆಂಪಗೆ ಏನೋ ಮೇಲೆದ್ದಿತು. ಕಬ್ಬಿನ ಗದ್ದೆಯ ಮೇಲೆ ಸೂರ್ಯ. ಎಂಥ ಚೆಂದ! ಮರಿಸ್ವಾಮಿ ಕಾಲೂರಿ ನಿಂತು ಬಾಯಿ ಬಿಟ್ಟುಕೊಂಡು ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಕೆಲಸದ ದಿನ ತಾವು ಸೂರ್ಯ ಹುಟ್ಟುವುದನ್ನು ಕಂಡದ್ದೇ ಇಲ್ಲವಲ್ಲ ಎನ್ನಿಸಿತು. ಯಾಕೆ ಕಂಡಿಲ್ಲ? ಸೂರ್ಯ ಹುಟ್ಟುವ ಹೊತ್ತಿಗೆ ತಾವು ದಿನಾ ಕಾರ್ಖಾನೆಯ ಒಳಗಿರುತ್ತಿದ್ದರಲ್ಲ.

ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಹೆಂಗಸನ್ನು ಕೂಗಿ ಕೇಳಿದರು. "ಅಮ್ಮಾ, ಮೇಟಗಳ್ಳಿ ಎಷ್ಟು ದೂರ?"

"ಮೇಟಗಳ್ಳಿಯಾ? ಅದನ್ನ ದಾಟ್ಕೊಂಡೇ ಬಂದಿರ್ತೀಯ ಕಣಪ್ಪ. ಇದು ಬೆಳಗೊಳ. ಇಂಗೇ ಓದ್ರೆ ಕನ್ನಂಬಾಡಿ ಕಟ್ಟೆ."

ಬಂದ ದಾರಿಯಲ್ಲೇ ಉಸಿರು ಕಟ್ಟಿ ತುಳಿದರು. ಗೇಟಿನಲ್ಲಿ ಯಾರೂ ಇರಲಿಲ್ಲ, ಮಹದೇವು ಒಬ್ಬನೇ.

"ಎಲ್ಲೋಗಿದ್ರಿ ಸಾರ್? ಆರಕ್ಕೆ ಇನ್ನೂ ಹತ್ತು ನಿಮಿಷ ಇತ್ತು, ಗೇಟ್ ಮುಂದೇನೇ ನಗ್‌ನಗ್ತಾ ಹೋದ್ರಿ. ಕೂಗ್ದೆ, ಕೈಯೆತ್ತಿ ಟಾಟಾ ಮಾಡ್ಬುಟ್ರಿ!"

ಮರಿಸ್ವಾಮಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ಗವಸು ತೆಗೆದು ಹೆಬ್ಬೆಟ್ಟು ಒತ್ತಿದರು. ಯಂತ್ರ ಒಂದು ಕ್ಷಣವೂ ತಡಮಾಡಲಿಲ್ಲ. ಹಸಿರು ದೀಪ ಹತ್ತಿತು. "ಥ್ಯಾಂಕ್ ಯೂ" ಎಂದಳು ಒಳಗಿನ ಹೆಂಗಸು, ಇಡೀ ಡಿಸೆಂಬರಿನಲ್ಲಿ ಮೊದಲ ಸಲ ಒಂದೇ ಏಟಿಗೆ. ಕೆಳಗೆ ಹೊತ್ತು ಮೂಡಿತು: ಏಳು ಹದಿನೆಂಟು.

ಮಹದೇವು ಕುಣಿದಾಡಿಬಿಟ್ಟ. "ಮೊದಲ್ನೇ ಸಲಕ್ಕೇ ತಗೊಂಡ್ಬುಡ್ತಲ್ಲ ಸಾರ್! ಏನ್ ಬಿಸಿ ಇದ್ದದು ಕೈ! ಆ ಗವಸು ನಂಗೇ ಕೊಟ್ಬುಡಿ ಸಾರ್, ಸೆಕೆಂಡ್ ಶಿಫ್ಟಲ್ಲಿ ನಿಮ್ಗೆ ಇನ್ಮೇಲೆ ಬೇಕಾಗಲ್ವಲ್ಲ."